ಪಡಖಾನೆಯ ಚಿತ್ರ, ಓಸ್ಟಾಡೆಯ ಸಹಿ: ಅಸಲಿಯಾ? ತೊಳೆಯಬಹುದಾ?

ಓದುಗರ ಪ್ರಶ್ನೆ: ನಾವು ದಾವಣಗೆರೆಯವರು, ಕೆಲಸದ ಮೇಲೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ. ಹೋದ ವರ್ಷ ಇಲ್ಲಿ ಹಳೆ ಮನೆಯೊಂದರ ಸಾಮಾನು ಹರಾಜಿಗೆ ಬಂದಾಗ 240 ಯೂರೋಗೆ ಒಂದು ಚಿಕ್ಕ ಚಿತ್ರ ಕೊಂಡೆ. ಮರದ ಹಲಗೆಯ ಮೇಲೆ ಬರೆದದ್ದು. ಸುಮಾರು 28 ಸೆಂ.ಮೀ. ಎತ್ತರ, 36 ಸೆಂ.ಮೀ. ಅಗಲ. ಪಡಖಾನೆಯೊಂದರಲ್ಲಿ ಐದಾರು ಹಳ್ಳಿಗರು ಪೀಪಾಯಿಯ ಸುತ್ತ ಕೂತು ಕುಡಿಯುತ್ತಿದ್ದಾರೆ. ಒಬ್ಬ ಪೈಪು ಸೇದುತ್ತಿದ್ದಾನೆ. ಮೂಲೆಯಲ್ಲಿ ಒಬ್ಬ ಗೋಡೆಗೆ ಮುಖ ಮಾಡಿ ಮೂತ್ರ ಮಾಡುತ್ತಿದ್ದಾನೆ. ಕೆಳಗೆ ‘ಎ. ವಿ. ಓಸ್ಟಾಡೆ’ ಎಂಬ ಸಹಿ ಇದೆ. ಹಿಂಬದಿಯಲ್ಲಿ ಕೆಂಪು ಅರಗಿನ ಮುದ್ರೆ ಇದೆ, ಎರಡು ಅಡ್ಡಪಟ್ಟಿ ಅಂಟಿಸಿದ್ದಾರೆ. ಚಿತ್ರ ತುಂಬಾ ಕಪ್ಪಾಗಿದೆ. ಆಲೂಗಡ್ಡೆ ಕತ್ತರಿಸಿ ಉಜ್ಜಿದರೆ ಬೆಳ್ಳಗಾಗುತ್ತದೆ ಎಂದು ವಿಡಿಯೋ ಒಂದರಲ್ಲಿ ನೋಡಿದೆ. ಗೆಳೆಯರೊಬ್ಬರು ಇದು ಲಕ್ಷಗಟ್ಟಲೆ ಬಾಳುತ್ತದೆ ಅನ್ನುತ್ತಾರೆ. ಅಮ್ಮ ಮಾತ್ರ ‘ಕುಡುಕರ ಪಟ ಮನೆಯಲ್ಲಿ ಯಾಕೆ’ ಎಂದು ಬೇಜಾರು ಮಾಡಿಕೊಂಡಿದ್ದಾರೆ. ಈಗ ಅದನ್ನು ಹಾಲ್‌ನಲ್ಲಿ ರೇಡಿಯೇಟರ್ ಮೇಲಿನ ಗೋಡೆಗೆ ಹಾಕಿದ್ದೇನೆ. ಚಳಿಗಾಲ ಕಳೆದ ಮೇಲೆ ಮಧ್ಯದಲ್ಲಿ ಉದ್ದಕ್ಕೆ ಸಣ್ಣ ಬಿರುಕು ಕಾಣುತ್ತಿದೆ. ಇದು ಅಸಲಿಯಾ? ತೊಳೆಯಬಹುದಾ? ಊರಿಗೆ ವಾಪಸ್ ಬರುವಾಗ ತರಬಹುದಾ?

ಉತ್ತರ: ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರಿಸುತ್ತೇನೆ. ಆದರೆ ಹಳೆಯ ತೈಲಚಿತ್ರಗಳ ಸಂರಕ್ಷಣೆ ಮಾಡುವ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ನೀವು ಕೇಳದೇ ಇದ್ದ ವಿಷಯ. ಚಿತ್ರ ರೇಡಿಯೇಟರ್ ಮೇಲಿದೆ, ಬಿರುಕು ಬಿಡುತ್ತಿದೆ. ದಯವಿಟ್ಟು ಇವತ್ತೇ ಅದನ್ನು ಅಲ್ಲಿಂದ ಇಳಿಸಿ.

ಮರ ಎಷ್ಟೇ ಹಳೆಯದಾದರೂ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ತೇವ ಕಮ್ಮಿಯಾದಾಗ ನಾರಿಗೆ ಅಡ್ಡವಾದ ದಿಕ್ಕಿನಲ್ಲಿ ಕುಗ್ಗುತ್ತದೆ. ನಾರಿನ ಉದ್ದಕ್ಕೆ ಹೆಚ್ಚೂಕಮ್ಮಿ ಕುಗ್ಗುವುದೇ ಇಲ್ಲ. ಹೀಟರ್ ಹಾಕಿದ ಮನೆಯ ಚಳಿಗಾಲದ ಗಾಳಿ ಬಹಳ ಒಣ. ರೇಡಿಯೇಟರ್ ಮೇಲಂತೂ ಕೇಳುವುದೇ ಬೇಡ. ನಿಮ್ಮ ಹಲಗೆ ಕುಗ್ಗಲು ನೋಡಿದೆ, ಹಿಂದೆ ಅಂಟಿಸಿದ ಪಟ್ಟಿಗಳು ಬಿಡಲಿಲ್ಲ. ಆ ಎಳೆದಾಟದಲ್ಲಿ ಮರ ನಾರಿನ ಉದ್ದಕ್ಕೆ ಸೀಳಿತು. ಹಲಗೆ ಬಾಗಬಾರದು ಎಂದು ಹಿಂದೆ ಯಾರೋ ಅಂಟಿಸಿದ ಪಟ್ಟಿಗಳೇ ಈಗ ಕೇಡಾಗಿವೆ. ಇದು ಬಹಳ ಕಾಣಸಿಗುವ ತೊಂದರೆ. ಹಾಗಂತ ಆ ಪಟ್ಟಿಗಳನ್ನು ನೀವೇ ಕೀಳಲು ಹೋಗಬೇಡಿ. ಬಿರುಕಿಗೆ ಫೆವಿಕಾಲ್ ಹಾಕಬೇಡಿ. ಚಿತ್ರವನ್ನು ಬಿಸಿಲು ಬೀಳದ, ಹೊರಗೋಡೆಯಲ್ಲದ ಜಾಗದಲ್ಲಿಡಿ. ಗಾಳಿಯ ತೇವ 40ರಿಂದ 60 ಶೇಕಡಾ ನಡುವೆ ಇದ್ದರೆ ಸಾಕು. ಅದಕ್ಕೆ ಒಂದು ಸಣ್ಣ ಮೀಟರ್ ಸಿಗುತ್ತದೆ, ಕೊಂಡುಕೊಳ್ಳಿ. ಬಿರುಕಿನ ಅಂಚಿನಲ್ಲಿ ಬಣ್ಣ ಎದ್ದು ನಿಂತಿದ್ದರೆ ಚಿತ್ರವನ್ನು ಮುಖ ಮೇಲೆ ಮಾಡಿ ಮಲಗಿಸಿಡಿ, ಪದರು ಉದುರದಂತೆ.

ಈಗ ಅಸಲಿ–ನಕಲಿ ವಿಷಯಕ್ಕೆ ಬರೋಣ.

ಈ ಬಗೆಯ ಚಿತ್ರಗಳಿಗೆ ‘ಅಸಲಿ’, ‘ನಕಲಿ’ ಎಂಬ ಎರಡೇ ಡಬ್ಬಿ ಇಟ್ಟುಕೊಂಡರೆ ನಾವು ದಾರಿ ತಪ್ಪುತ್ತೇವೆ. ಹದಿನೇಳನೇ ಶತಮಾನದ ಡಚ್ ಊರುಗಳಲ್ಲಿ ಚಿತ್ರಗಳು ರಾಜರಿಗೂ ಚರ್ಚಿಗೂ ಮಾತ್ರ ಬರೆದವಾಗಿರಲಿಲ್ಲ. ಸಂತೆಯಲ್ಲಿ, ಅಂಗಡಿಯಲ್ಲಿ, ಲಾಟರಿಯಲ್ಲಿ ಮಾರಾಟವಾಗುತ್ತಿದ್ದವು. 1640ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಬಂದ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ, ಕಟುಕರು, ರೊಟ್ಟಿ ಸುಡುವವರೂ ಅಂಗಡಿಯಲ್ಲಿ ಚಿತ್ರ ಇಟ್ಟುಕೊಂಡಿರುತ್ತಾರೆ, ಕಮ್ಮಾರರ ಕುಲುಮೆಯ ಪಕ್ಕದಲ್ಲೂ ಚಿತ್ರ ಇರುತ್ತದೆ ಎಂದು ಬೆರಗಿನಿಂದ ಬರೆದಿದ್ದಾನೆ. ಇಷ್ಟು ಬೇಡಿಕೆ ಇದ್ದ ಕಡೆ ಓಡುವ ವಸ್ತುವನ್ನು ಮತ್ತೆ ಮತ್ತೆ ಬರೆಯುವುದು ಸಹಜ, ಅಲ್ವಾ? ಪಡಖಾನೆಯ ಚಿತ್ರ ಹಾಗೆ ಚೆನ್ನಾಗಿ ಓಡಿದ ವಸ್ತು.

ಇದಕ್ಕೆ ರುಚಿ ಹತ್ತಿಸಿದವನು ಆಡ್ರಿಯಾನ್ ಬ್ರೌವರ್ ಎಂಬ ಚಿತ್ರಗಾರ. ಈಗಿನ ಬೆಲ್ಜಿಯಂನಲ್ಲಿರುವ ಫ್ಲಾಂಡರ್ಸ್‌ನಲ್ಲಿ ಹುಟ್ಟಿ, ಡಚ್ ಊರಾದ ಹಾರ್ಲೆಮ್‌ನಲ್ಲೂ ಫ್ಲಾಂಡರ್ಸ್‌ನ ಆಂಟ್‌ವೆರ್ಪ್‌ನಲ್ಲೂ ಕೆಲಸ ಮಾಡಿ, 1638ರಲ್ಲಿ ಮೂವತ್ತು ದಾಟಿದ ಸ್ವಲ್ಪದರಲ್ಲೇ ತೀರಿಕೊಂಡ. ಉಳಿಸಿ ಹೋದ ಚಿತ್ರಗಳು ಬಹಳ ಕಡಿಮೆ. ಆದರೆ ಕೊಂಡವರನ್ನು ನೋಡಿ. ಆ ಕಾಲದ ದೊಡ್ಡ ಚಿತ್ರಗಾರ ರೂಬೆನ್ಸ್ ಹತ್ತಿರ ಅವನ 17 ಚಿತ್ರಗಳಿದ್ದವು. ಅಷ್ಟೇ ದೊಡ್ಡ ಹೆಸರಿನ ರೆಂಬ್ರಾಂಟ್ ಕೂಡ ಅವನ ಕೆಲಸವನ್ನು ಕೊಂಡಿಟ್ಟುಕೊಂಡಿದ್ದ.

ನಿಮ್ಮ ಚಿತ್ರದ ಮೇಲೆ ಹೆಸರಿರುವ ಆಡ್ರಿಯಾನ್ ಫಾನ್ ಓಸ್ಟಾಡೆ ಹಾರ್ಲೆಮ್‌ನವನು. 1610ರಲ್ಲಿ ಹುಟ್ಟಿ 1685ರಲ್ಲಿ ಸತ್ತ. ಬ್ರೌವರ್‌ನ ಪ್ರಭಾವದಿಂದ ಶುರುಮಾಡಿ ಅರ್ಧ ಶತಮಾನ ಹೆಚ್ಚಾಗಿ ಇದನ್ನೇ ಬರೆದ. ನೂರಾರು ತೈಲಚಿತ್ರಗಳು, 50ರಷ್ಟು ಎಚ್ಚಿಂಗ್ ಅಚ್ಚುಗಳು, ಅಂದರೆ ತಾಮ್ರದ ತಗಡಿನ ಮೇಲೆ ಆಮ್ಲದಿಂದ ಗೆರೆ ಕೊರೆದು ಕಾಗದಕ್ಕೆ ಒತ್ತಿದ ಚಿತ್ರಗಳು. ತಮ್ಮ ಇಸಾಕ್ ಅವನ ಕೈಯಲ್ಲೇ ಕಲಿತ. ಕಾರ್ನೆಲಿಸ್ ಬೇಗ, ಕಾರ್ನೆಲಿಸ್ ಡುಸಾರ್ಟ್ ಅವನ ಶಿಷ್ಯರು. ಗುರು ಅರ್ಧಕ್ಕೆ ಬಿಟ್ಟ ಕೆಲವು ಚಿತ್ರಗಳನ್ನು ಡುಸಾರ್ಟ್ ಮುಗಿಸಿದ. ಅಂಥವನ್ನು ಯಾವ ಡಬ್ಬಿಗೆ ಹಾಕುತ್ತೀರಿ?

ಅವನು ಸತ್ತ ಮೇಲೂ ಅವನ ತಾಮ್ರದ ತಗಡುಗಳಿಂದ ಅಚ್ಚು ತೆಗೆಯುತ್ತಲೇ ಇದ್ದರು. ಹದಿನೆಂಟನೇ ಶತಮಾನದ ಫ್ರಾನ್ಸ್‌ನಲ್ಲಿ ಓಸ್ಟಾಡೆ, ಇಂಥದ್ದೇ ಚಿತ್ರ ಬರೆದ ಫ್ಲಾಂಡರ್ಸ್‌ನ ಟೆನಿಯರ್ಸ್ ಎಂದರೆ ಸಂಗ್ರಾಹಕರಿಗೆ ಹುಚ್ಚು. ಅವರ ತೈಲಚಿತ್ರಗಳನ್ನು ನೋಡಿ ಕೆತ್ತನೆಗಾರರು ಅಚ್ಚು ಮಾಡಿದರು. ಆ ಅಚ್ಚು ನೋಡಿ ಯೂರೋಪಿನ ಯಾವುದೋ ಊರಿನ ಚಿತ್ರಗಾರ ಮತ್ತೆ ತೈಲಚಿತ್ರ ಬರೆದ. ರವಿವರ್ಮನ ಅಚ್ಚಿನ ಪಟ ನೋಡಿ ನಮ್ಮ ಊರುಗಳಲ್ಲಿ ಲಕ್ಷ್ಮಿ, ಸರಸ್ವತಿಯರನ್ನು ಬರೆದರಲ್ಲ, ಹಾಗೇ. ಅದರಲ್ಲಿ ಮೋಸ ಇರಬೇಕೆಂದೇನಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಂತೂ ಮಧ್ಯಮ ವರ್ಗದ ಮನೆಗಳಿಗೆ ಇಂಥ ಚಿತ್ರಗಳು ರಾಶಿರಾಶಿಯಾಗಿ ತಯಾರಾದವು. ನನ್ನ ಮೇಜಿಗೆ ‘ಓಸ್ಟಾಡೆ’ ಎಂದು ಬರುವ ಹಲಗೆಗಳಲ್ಲಿ ಹೆಚ್ಚಿನವು ಈ ನಂತರದ ಕಾಲದವು. ನಿಮ್ಮದೂ ಹಾಗಿರುವ ಸಾಧ್ಯತೆಯೇ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಚ್ಚು ನೋಡಿ ಬರೆದದ್ದನ್ನು ಗುರುತಿಸಲು ಒಂದು ಸುಲಭ ದಾರಿ ಇದೆ. ಕೆತ್ತಿದ ತಗಡಿನಿಂದ ಕಾಗದಕ್ಕೆ ಬಂದಾಗ ಎಡ ಬಲವಾಗುತ್ತದೆ. ಕೆತ್ತನೆಗಾರ ಮುಂಚೆಯೇ ತಿರುಗಿಸಿ ಕೆತ್ತದಿದ್ದರೆ ಅಚ್ಚು ಮೂಲಚಿತ್ರದ ಕನ್ನಡಿಬಿಂಬ. ಅದನ್ನು ನೋಡಿ ಬರೆದ ಚಿತ್ರವೂ ತಿರುಗುಮುರುಗು. ಹೇಗ್ ನಗರದಲ್ಲಿ ಆರ್‌ಕೆಡಿ ಎಂಬ ಡಚ್ ಕಲಾ ಇತಿಹಾಸದ ಸಂಸ್ಥೆ ಇದೆ. ಅದರ ಚಿತ್ರಸಂಗ್ರಹವನ್ನು ಇಂಟರ್ನೆಟ್‌ನಲ್ಲಿ ಬಿಟ್ಟಿಯಾಗಿ ಹುಡುಕಬಹುದು. ಒಂದು ಸಂಜೆ ಕೂತು ಓಸ್ಟಾಡೆ ಎಂದು ಹುಡುಕಿ, ನಿಮ್ಮ ಚಿತ್ರದ ಗುಂಪನ್ನೇ ಹೋಲುವುದು ಇದೆಯಾ ನೋಡಿ. ನಿಮ್ಮ ಚಿತ್ರವನ್ನು ಫೋನಿನಲ್ಲಿ ಕನ್ನಡಿಬಿಂಬ ಮಾಡಿಕೊಂಡು ಮತ್ತೊಮ್ಮೆ ನೋಡಿ. ಹೋಲಿಕೆ ಸಿಕ್ಕರೆ ಅರ್ಧ ಉತ್ತರ ಸಿಕ್ಕಂತೆ.

ಸಹಿಯ ಮೇಲೆ ಹೆಚ್ಚು ಭಾರ ಹಾಕಬೇಡಿ. ಮಾರಾಟಕ್ಕೆ ಅನುಕೂಲ ಎಂದು ಸಹಿ ಸೇರಿಸುವುದು ಹಳೆಯ ಚಾಳಿ. ಒಳ್ಳೆಯ ಭೂತಗನ್ನಡಿ ಹಿಡಿದು ನೋಡಿ. ಬಣ್ಣದ ಮೇಲೆ ವಯಸ್ಸಿನಿಂದ ಆದ ಸಣ್ಣ ಸೀಳುಗಳಿರುತ್ತವೆ. ಸಹಿ ಆ ಸೀಳುಗಳ ಜೊತೆಯಲ್ಲೇ ಒಡೆದಿದ್ದರೆ ಅದು ಹಳೆಯದು. ಸಹಿಯ ಬಣ್ಣ ಸೀಳಿನೊಳಗೆ ಇಳಿದಿದ್ದರೆ, ಚಿತ್ರ ಸೀಳಿದ ಮೇಲೆ ಯಾರೋ ಬರೆದದ್ದು.

ಹಲಗೆಯ ಬೆನ್ನು ಇನ್ನೂ ಜಾಸ್ತಿ ಮಾತಾಡುತ್ತದೆ. ಆ ಕಾಲದ ಹಲಗೆಗಳು ಬಹುಪಾಲು ಓಕ್ ಮರದವು. ಚೌಕಟ್ಟಿನಲ್ಲಿ ಕೂರಲಿ ಎಂದು ಹಿಂದಿನ ಅಂಚನ್ನು ಇಳಿಜಾರಾಗಿ ಕೆತ್ತುತ್ತಿದ್ದರು. ಕೈಗರಗಸದ ಗೆರೆಗಳು ನೇರವಾಗಿ, ಏರುಪೇರಾಗಿ ಇರುತ್ತವೆ. ಬಿಲ್ಲಿನಂತೆ ಬಾಗಿದ ಗೆರೆಗಳು ಕಂಡರೆ ಅದು ದುಂಡು ಗರಗಸದ ಗುರುತು, ಅಂದರೆ ಹಲಗೆ ಹತ್ತೊಂಬತ್ತನೇ ಶತಮಾನದ್ದು ಅಥವಾ ಆಮೇಲಿನದು. ಅರಗಿನ ಮುದ್ರೆ ಹಿಂದಿನ ಮಾಲೀಕರದ್ದೋ ಸುಂಕದವರದ್ದೋ ಇರಬಹುದು. ಅದು ಚಿತ್ರ ಬರೆದವನು ಯಾರು ಎಂದು ಹೇಳುವುದಿಲ್ಲ. ಆದರೂ ಅದನ್ನು ಒರೆಸಬೇಡಿ, ಕೆರೆಯಬೇಡಿ. ಚೆನ್ನಾಗಿ ಫೋಟೋ ತೆಗೆದಿಡಿ.

ಓಕ್ ಹಲಗೆಯಾದರೆ ಮರದ ಉಂಗುರಗಳನ್ನು ಅಳೆದು ಕಾಲ ಹೇಳುವ ಪರೀಕ್ಷೆ ಇದೆ. ಒಂದು ಮಾತು ನೆನಪಿರಲಿ. ಅದು ‘ಈ ವರ್ಷಕ್ಕಿಂತ ಮುಂಚೆ ಈ ಚಿತ್ರ ಬರೆದಿರಲು ಸಾಧ್ಯವಿಲ್ಲ’ ಎಂದಷ್ಟೇ ಹೇಳುತ್ತದೆ. ಹಳೆಯ ಹಲಗೆಯ ಮೇಲೆ ಹೊಸ ಚಿತ್ರ ಬರೆಯುವುದು ಕಷ್ಟವಲ್ಲ. ಅದಕ್ಕೇ ಬಣ್ಣಗಳನ್ನೂ ನೋಡುತ್ತೇವೆ. ಪ್ರಷ್ಯನ್ ನೀಲಿ ಹದಿನೆಂಟನೇ ಶತಮಾನದ ಮೊದಲ ದಶಕದಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ್ದು. ಚಿತ್ರದ ಮೂಲ ಪದರದಲ್ಲೇ ಅದು ಸಿಕ್ಕರೆ 1685ರಲ್ಲಿ ಸತ್ತವನ ಕೈಕೆಲಸ ಅಲ್ಲ. ಸತುವಿನ ಬಿಳಿ ತೈಲಚಿತ್ರಕ್ಕೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಟೈಟೇನಿಯಂ ಬಿಳಿ 1920ರ ಸುಮಾರಿಗೆ. ಇನ್ನೊಂದು ಕಡೆ, ಸೀಸ–ತವರದ ಹಳದಿ ಸಿಕ್ಕರೆ ನನ್ನಂಥವರ ಕಿವಿ ನೆಟ್ಟಗಾಗುತ್ತದೆ. 1750ರ ಹೊತ್ತಿಗೆ ಚಿತ್ರಗಾರರು ಆ ಹಳದಿಯನ್ನು ಬಿಟ್ಟರು, ಆಮೇಲೆ ಅದು ಮರೆತೇಹೋಯಿತು. ಮತ್ತೆ ಗುರುತಿಸಿದ್ದು 1941ರಲ್ಲಿ. ನಡುವಿನ ಕಾಲದ ನಕಲುಗಾರನಿಗೆ ಅದು ಇತ್ತೆಂದೇ ಗೊತ್ತಿರಲಿಲ್ಲ.

ಕಪ್ಪು ಬಣ್ಣದ ವಿಷಯ. ಚಿತ್ರ ಕಪ್ಪಾಗಿದೆ ಎಂದರೆ ಕೊಳೆ ಕೂತಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಕೊಳೆ ಇರುತ್ತದೆ, ಹೌದು. ಆದರೆ ಹೆಚ್ಚಿನ ಕಪ್ಪು ಮೇಲಿನ ವಾರ್ನಿಷ್‌ನದು. ಮರದ ಅಂಟಿನಿಂದ ಮಾಡಿದ ವಾರ್ನಿಷ್ ಗಾಳಿ, ಬೆಳಕಿಗೆ ಹಳದಿಯಾಗುತ್ತದೆ, ಆಮೇಲೆ ಕಂದಾಗುತ್ತದೆ. ನೀಲಿ ಹಸಿರಾಗಿ ಕಾಣುತ್ತದೆ. ನೆರಳಿನಲ್ಲಿದ್ದ ಮುಖಗಳು ಮುಳುಗಿಹೋಗುತ್ತವೆ.

ಆದರೆ ಇನ್ನೊಂದು ಪಾಲು ಕಪ್ಪು ಚಿತ್ರಗಾರನೇ ಇಟ್ಟದ್ದು. ಬ್ರೌವರ್ ಮತ್ತು ಯುವಕ ಓಸ್ಟಾಡೆ ಕಂದು ಬಣ್ಣದಲ್ಲೇ ಪಡಖಾನೆಯನ್ನು ಕಟ್ಟುತ್ತಿದ್ದರು. ಸಣ್ಣ ಕಿಟಕಿಯಿಂದ ಬೆಳಕು, ಅದರಲ್ಲಿ ಒಂದೆರಡು ಮುಖ, ಒಂದು ನೀಲಿ ಅಂಗಿ. ಉಳಿದದ್ದೆಲ್ಲ ಹೊಗೆ ಹಿಡಿದ ಗೋಡೆ. ಆ ಕಂದನ್ನು ತೀರಾ ತೆಳ್ಳಗೆ, ಹಲವು ಕಡೆ ಕೆಳಗಿನ ಪದರು ಕಾಣುವ ಹಾಗೆ ಬಳಿದಿದ್ದಾರೆ. ಇವರ ಚಿತ್ರಗಳ ಜೀವ ಇರುವುದೇ ಆ ತೆಳು ನೆರಳಿನಲ್ಲಿ. ಹಿಂದಿನ ಕಾಲದವರು ಬೆಳ್ಳಗೆ ಮಾಡುವ ಆಸೆಗೆ ತೀಕ್ಷ್ಣ ದ್ರಾವಣ ಹಾಕಿ ಉಜ್ಜಿ ಎಷ್ಟೋ ಒಳ್ಳೆಯ ಹಲಗೆಗಳ ನೆರಳನ್ನು ಕಿತ್ತುಹಾಕಿದ್ದಾರೆ. ಅಂಥವನ್ನು ನೋಡಿದಾಗ ನನಗೆ ಈಗಲೂ ಸಂಕಟವಾಗುತ್ತದೆ. ಹೋದ ಬಣ್ಣವನ್ನು ವಾಪಸ್ ತರಲು ಆಗುವುದಿಲ್ಲ.

ಹಾಗಾಗಿ ಆಲೂಗಡ್ಡೆ ಬೇಡವೇ ಬೇಡ. ಈರುಳ್ಳಿ, ನಿಂಬೆ, ವಿನೆಗರ್, ಸೋಪಿನ ನೀರು, ಬೇಬಿ ವೈಪ್ಸ್ ಯಾವುದೂ ಬೇಡ. ಕಾರಣ ಸುಮ್ನೆ ಹೆದರಿಸಲಿಕ್ಕಲ್ಲ. ಈ ಹಲಗೆಗಳಲ್ಲಿ ಬಣ್ಣದ ಕೆಳಗೆ ಸೀಮೆಸುಣ್ಣ ಮತ್ತು ಪ್ರಾಣಿಗಳಿಂದ ತೆಗೆದ ಅಂಟಿನ ಪದರು ಇರುತ್ತದೆ. ಸೀಳುಗಳಿಂದ ನೀರು ಅಲ್ಲಿಗೆ ಇಳಿದರೆ ಅಂಟು ಉಬ್ಬುತ್ತದೆ, ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಆಲೂಗಡ್ಡೆ ನೀರಿನ ಜೊತೆ ಪಿಷ್ಟವನ್ನೂ ಬಿಡುತ್ತದೆ, ಅದು ಬೂಷ್ಟಿಗೆ ಊಟ. ವಿಡಿಯೋದಲ್ಲಿ ಬೆಳ್ಳಗಾದಂತೆ ಕಂಡದ್ದು ಒದ್ದೆಯಾದಾಗ ಬಣ್ಣ ತುಂಬಿ, ಸ್ಪಷ್ಟವಾಗಿ ಕಾಣುವುದರಿಂದ. ಒಣಗಿದ ಮೇಲೆ ತೋರಿಸುವುದಿಲ್ಲ. ಬಣ್ಣ ಎಲ್ಲೂ ಎದ್ದಿಲ್ಲ ಎಂದು ಖಾತ್ರಿಯಾದರೆ ಮೆತ್ತನೆಯ ಒಣ ಬ್ರಷ್‌ನಿಂದ ಧೂಳು ತೆಗೆಯಬಹುದು. ಬಿರುಕಿನ ಹತ್ತಿರ ಅದೂ ಬೇಡ.

ವೃತ್ತಿಯವರು ಹೇಗೆ ಮಾಡುತ್ತಾರೆ? ಮೊದಲು ಅಲ್ಟ್ರಾವಯಲೆಟ್ ಬೆಳಕಿನಲ್ಲಿ ನೋಡುತ್ತೇವೆ. ಹಳೆಯ ವಾರ್ನಿಷ್ ಹಸಿರು ಮಿಶ್ರಿತವಾಗಿ ಹೊಳೆಯುತ್ತದೆ, ಆಮೇಲೆ ತೇಪೆ ಹಾಕಿದ ಬಣ್ಣ ಕಪ್ಪಗೆ ಕಾಣುತ್ತದೆ. ನಂತರ ಅಂಚಿನಲ್ಲಿ ಕಾಳಿನಷ್ಟು ಜಾಗದಲ್ಲಿ ದ್ರಾವಣ ಪರೀಕ್ಷಿಸುತ್ತೇವೆ. ಕಂದು ಬಣ್ಣಗಳಲ್ಲಿ ಕೆಲವು ವಾರ್ನಿಷ್ ಜೊತೆಗೇ ಕರಗುವ ಜಾತಿಯವು. ಅದು ಕಂಡರೆ ವಾರ್ನಿಷ್ ಅನ್ನು ಪೂರ್ತಿ ತೆಗೆಯದೆ ತೆಳ್ಳಗೆ ಮಾಡಿ ನಿಲ್ಲಿಸುತ್ತೇವೆ.

ತೇಪೆಯ ಮಾತು ಬಂತಲ್ಲ, ನಿಮ್ಮ ಮೂಲೆಯ ಮನುಷ್ಯನ ಬಗ್ಗೆ ಹೇಳಲೇಬೇಕು. ಹದಿನೇಳನೇ ಶತಮಾನದ ಈ ಚಿತ್ರಗಳಲ್ಲಿ ಅವನು ಅಪರೂಪವಲ್ಲ. ಮೂತ್ರ ಮಾಡುವವನು, ವಾಂತಿ ಮಾಡುವವನು, ಮಗುವಿನ ಅಂಡು ತೊಳೆಯುವ ತಾಯಿ ಎಲ್ಲರೂ ಬರುತ್ತಾರೆ. ಆಮೇಲಿನ ಕಾಲದ ಮಾಲೀಕರಿಗೆ ಇದು ಮುಜುಗರ. ಬ್ರಿಟನ್ ರಾಜಮನೆತನದ ಸಂಗ್ರಹದಲ್ಲಿ ಇಸಾಕ್ ಫಾನ್ ಓಸ್ಟಾಡೆ 1643ರಲ್ಲಿ ಬರೆದ ಹಳ್ಳಿಯ ಜಾತ್ರೆಯ ಚಿತ್ರ ಇದೆ. ಅದರ ಮುಂಭಾಗದಲ್ಲಿ ಒಂದು ಪೊದೆ ಇತ್ತು. 2015ರ ಪ್ರದರ್ಶನಕ್ಕೆ ಸ್ವಚ್ಛ ಮಾಡುವಾಗ ಪೊದೆಯ ಕೆಳಗಿಂದ ಕೂತು ಮಲವಿಸರ್ಜನೆ ಮಾಡುತ್ತಿದ್ದ ಮನುಷ್ಯ ಹೊರಬಂದ. 1903ರ ಸುಮಾರಿಗೆ ಅವನನ್ನು ಮುಚ್ಚಿದ್ದರು. ನಿಮ್ಮ ಚಿತ್ರದಲ್ಲಿ ಅವನು ಹಾಗೇ ಉಳಿದಿರುವುದು ಒಳ್ಳೆಯ ಲಕ್ಷಣ. ಅಷ್ಟಕ್ಕೇ ಅದು ಹಳೆಯದೆಂದು ಸಾಬೀತಾಗುವುದಿಲ್ಲ, ಆದರೂ ನನಗೆ ಕುತೂಹಲ ಹುಟ್ಟಿಸುತ್ತದೆ.

ನಿಮ್ಮ ತಾಯಿಯ ಬೇಜಾರನ್ನು ನಾನು ತಳ್ಳಿಹಾಕುವುದಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಕಲಾ ಇತಿಹಾಸದ ಪಂಡಿತರೂ ಬಹಳ ಕಾಲ ಇದನ್ನೇ ಜಗಳವಾಡಿದ್ದಾರೆ. ಎಡ್ಡಿ ಡಿ ಯೋಂಗ್ ಮತ್ತು ಅವರ ಕಡೆಯವರು, ಈ ಚಿತ್ರಗಳ ನಗುವಿನ ಕೆಳಗೆ ನೀತಿಪಾಠ ಇದೆ ಎಂದು ತೋರಿಸಿದರು. ಸ್ವೆಟ್ಲಾನಾ ಆಲ್ಪರ್ಸ್, ಅಷ್ಟೆಲ್ಲ ಒಳಗರ್ಥ ಹುಡುಕಬೇಡಿ, ಇವರು ಕಣ್ಣಿಗೆ ಕಂಡ ಲೋಕವನ್ನು ವರ್ಣಿಸುವುದರಲ್ಲೇ ಆನಂದಪಟ್ಟವರು ಎಂದರು. ಎರಡೂ ಕಡೆ ಸತ್ಯ ಇದೆ ಎಂದು ನನ್ನ ಅನಿಸಿಕೆ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿ ಅದೇ ಶತಮಾನದ ಡಚ್ ಚಿತ್ರಗಾರ ಯಾನ್ ಸ್ಟೇನ್ ಬರೆದ ಕುಡಿದ ಜೋಡಿಯ ಚಿತ್ರ ಇದೆ. ಹೆಂಗಸು ಕುಡಿದು ಒರಗಿದ್ದಾಳೆ, ಹಿಂದೆ ಕಳ್ಳರು ಸಾಮಾನು ಹೊತ್ತು ಹೋಗುತ್ತಿದ್ದಾರೆ. ಗೋಡೆಯ ಮೇಲೆ ಒಂದು ಗೂಬೆಯ ಪಟ, ಪಕ್ಕದಲ್ಲಿ ಮೇಣದಬತ್ತಿ ಮತ್ತು ಕನ್ನಡಕ. ನೋಡುವ ಮನಸ್ಸಿಲ್ಲದ ಗೂಬೆಗೆ ದೀಪ, ಕನ್ನಡಕ ಕೊಟ್ಟು ಏನು ಫಲ ಎಂಬುದು ಡಚ್ಚರ ಗಾದೆ. ಅಲ್ಲಿ ನೀತಿ ಎದ್ದು ಕಾಣುತ್ತದೆ. ಬರೆದ ಸ್ಟೇನ್ ಯಾರು? ಬಿಯರ್ ತಯಾರಿಸುವವನ ಮಗ. 1672ರಲ್ಲಿ ಲೈಡನ್‌ನಲ್ಲಿ ಪಡಖಾನೆ ನಡೆಸಲು ತಾನೇ ಪರವಾನಗಿ ಪಡೆದವನು. ಆದರೆ ಇಂಥ ಚಿತ್ರಗಳ ಮುರಿದ ಪೈಪು, ಬಿದ್ದ ಹೂಜಿಯಲ್ಲೆಲ್ಲ ಗುಟ್ಟಿನ ಸಂಕೇತ ಇದೆ ಎಂದು ಯಾರಾದರೂ ಪಟ್ಟಿ ಕೊಟ್ಟರೆ ನಂಬಬೇಡಿ. ಮಣ್ಣಿನ ಪೈಪು ಬೇಗ ಮುರಿಯುತ್ತಿತ್ತು, ಪಡಖಾನೆಯ ನೆಲದ ಮೇಲೆ ಚೂರುಗಳು ಬಿದ್ದಿರುತ್ತಿದ್ದವು.

ಇನ್ನೊಂದು ತಪ್ಪು ತಿಳಿವಳಿಕೆ: ಈ ಚಿತ್ರಗಾರರು ಪಡಖಾನೆಯಲ್ಲಿ ಕೂತು ಕಂಡದ್ದನ್ನು ಕಂಡಂತೆ ಬರೆದರು ಎಂಬುದು. ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಬ್ರೌವರ್ ಬರೆದ ಹೊಗೆ ಸೇದುವವರ ಚಿತ್ರ ಇದೆ. ಅದರಲ್ಲಿ ಕೂತವರು ರೈತರಲ್ಲ. ಒಬ್ಬ ಬ್ರೌವರ್, ಇನ್ನೊಬ್ಬ ಹೂಹಣ್ಣುಗಳ ಚಿತ್ರಕ್ಕೆ ಹೆಸರಾದ ಯಾನ್ ಡೇವಿಡ್ಸ್ ಡಿ ಹೀಮ್. ಗೆಳೆಯರು ಸೇರಿ ವೇಷ ಹಾಕಿದಂತೆ. ಕೊಳ್ಳುವವರು ಪೇಟೆಯ ಜನ. ಹಳ್ಳಿಗರ ಒರಟುತನ ನೋಡಿ ನಗುವ ಮನಸ್ಸು ಮೊದಮೊದಲ ಚಿತ್ರಗಳಲ್ಲಿ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಓಸ್ಟಾಡೆ ಮಾತ್ರ ಬದಲಾದ. 1630ರ ದಶಕದಲ್ಲಿ ಚಾಕು ಹಿರಿದು ಹೊಡೆದಾಡುವ ಕುಡುಕರನ್ನು ಬರೆದವನು 1650ರ ನಂತರ ಬೇರೆಯೇ ಪಡಖಾನೆ ಬರೆದ. ಬೆಚ್ಚಗಿನ ಬೆಳಕು, ಕೂತು ಹರಟುವ ಮುದುಕರು, ನೆಲದ ಮೇಲೆ ಆಡುವ ಮಗು, ಮಲಗಿದ ನಾಯಿ. ದಿನದ ದುಡಿಮೆ ಮುಗಿಸಿ ಬಂದವರ ಮೇಲೆ ಅವನಿಗೆ ಪ್ರೀತಿ ಹುಟ್ಟಿದಂತೆ ಕಾಣುತ್ತದೆ. ಆ ಊರುಗಳಲ್ಲಿ ಪಡಖಾನೆ ಬರೀ ಕುಡಿಯುವ ಜಾಗವೂ ಅಲ್ಲ. ವ್ಯಾಪಾರ ಕುದುರುತ್ತಿದ್ದದ್ದು, ಹರಾಜು ನಡೆಯುತ್ತಿದ್ದದ್ದು, ಸುದ್ದಿ ಕೇಳುತ್ತಿದ್ದದ್ದು ಅಲ್ಲೇ. ತಾಯಿಯವರಿಗೆ ಇದನ್ನು ಹೇಳಿ ನೋಡಿ. ಆದರೂ ದೇವರ ಮನೆಯ ಎದುರು ಬೇಡ ಅಂದರೆ, ಓದುವ ಕೋಣೆಗೆ ಹಾಕಿ. ಮನೆ ಅವರದ್ದೂ ಹೌದಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು.

ಮೊದಲು ಸಂರಕ್ಷಕರೊಬ್ಬರಿಗೆ ಬಿರುಕನ್ನು ತೋರಿಸಿ. ರೆಸ್ಟೊರಾಟೊರೆನ್ ನೆದರ್‌ಲ್ಯಾಂಡ್ ಎಂಬ ವೃತ್ತಿ ಸಂಘದ ಮೂಲಕ ಹಲಗೆ ಚಿತ್ರಗಳಲ್ಲಿ ಪಳಗಿದವರನ್ನು ಹುಡುಕಬಹುದು. ಬಿರುಕು ನಿಲ್ಲಿಸಿ, ಬಣ್ಣ ಗಟ್ಟಿ ಮಾಡಿಸಿ. ಇದಕ್ಕೆ ನೀವು ಚಿತ್ರಕ್ಕೆ ಕೊಟ್ಟದ್ದಕ್ಕಿಂತ ಜಾಸ್ತಿ ಖರ್ಚಾಗಬಹುದು. ಆದರೂ ನಾನಾಗಿದ್ದರೆ ಹಣ ಹಾಕುವುದು ಇಲ್ಲಿಗೇ.

ಬೆಲೆ ಕೇಳಬೇಕಿದ್ದರೆ ಹಳೆಯ ಡಚ್ ಚಿತ್ರಗಳ ವಿಭಾಗ ಇರುವ ಹರಾಜು ಸಂಸ್ಥೆಗೆ ಫೋಟೋ ಕಳಿಸಿ. ಮುಂದೆ, ಹಿಂದೆ, ಸಹಿ, ಅಂಚು ಎಲ್ಲ ಇರಲಿ. ಅನೇಕ ಸಂಸ್ಥೆಗಳು ದುಡ್ಡಿಲ್ಲದೆ ಅಂದಾಜು ಹೇಳುತ್ತವೆ. ಅವರಿಗೆ ಮಾರಿಸುವ ಆಸಕ್ತಿ ಇರುತ್ತದೆ, ಅದಕ್ಕೆ ಇಬ್ಬರನ್ನು ಕೇಳಿ. ಅವರ ಕ್ಯಾಟಲಾಗಿನ ಭಾಷೆ ತಿಳಿದಿರಲಿ. ಬರೀ ಹೆಸರು ಹಾಕಿದ್ದರೆ ಅವರ ಮಟ್ಟಿಗೆ ಅದು ಓಸ್ಟಾಡೆಯದೇ. ‘ಅಟ್ರಿಬ್ಯೂಟೆಡ್ ಟು’ ಅಂದರೆ ಇರಬಹುದು ಎಂಬ ನಂಬಿಕೆ. ‘ಸ್ಟುಡಿಯೋ ಆಫ್’ ಅಂದರೆ ಅವನ ಕಾರ್ಯಾಗಾರದ್ದು. ‘ಸರ್ಕಲ್ ಆಫ್’ ಅಂದರೆ ಅದೇ ಕಾಲದ, ಅವನ ಪ್ರಭಾವದ ಇನ್ನೊಬ್ಬರ ಕೈ. ‘ಫಾಲೋಯರ್’ ಅಂದರೆ ಆ ಶೈಲಿ ಹಿಡಿದವರು, ಶಿಷ್ಯರೇ ಆಗಬೇಕಿಲ್ಲ. ‘ಮ್ಯಾನರ್ ಆಫ್’ ಅಂದರೆ ಬಹಳ ಆಮೇಲಿನ ಅನುಕರಣೆ. ‘ಆಫ್ಟರ್’ ಅಂದರೆ ಗೊತ್ತಿರುವ ಚಿತ್ರದ ನಕಲು. ‘ಸೈನ್ಡ್’ ಎಂದಿದ್ದರೆ ಸಹಿಯನ್ನು ನಂಬಿದ್ದಾರೆ. ‘ಬೇರ್ಸ್ ಸಿಗ್ನೇಚರ್’ ಎಂದಿದ್ದರೆ ಬೇರೆಯವರು ಹಾಕಿದ್ದಿರಬೇಕು ಎಂಬ ಅನುಮಾನ. ಒಳ್ಳೆಯ ಓಸ್ಟಾಡೆ ಲಕ್ಷ ಯೂರೋ ದಾಟಬಹುದು. ಒಂದೊಂದು ಮೆಟ್ಟಿಲು ಇಳಿದ ಹಾಗೂ ಬೆಲೆ ದಡದಡ ಇಳಿಯುತ್ತದೆ.

ಉಂಗುರ, ಬಣ್ಣಗಳ ಪರೀಕ್ಷೆಗೆ ಈಗಲೇ ದುಡ್ಡು ಸುರಿಯಬೇಡಿ. ನೋಡಿದ ತಜ್ಞರಲ್ಲಿ ಒಬ್ಬರಾದರೂ ‘ಇದನ್ನು ಮುಂದುವರಿಸಿ’ ಎಂದ ಮೇಲೆ ಮಾಡಿಸಿ. ವಾರ್ನಿಷ್ ತೆಗೆಸುವುದೂ ಆಮೇಲೆ. ಮಾರುವ ಯೋಚನೆ ಇದ್ದರೆ ಸ್ವಚ್ಛ ಮಾಡಿಸದೇ ಕೊಡುವುದು ಮೇಲು. ಮುಟ್ಟದ ಚಿತ್ರವನ್ನು ಕೊಳ್ಳುವವರು ಹೆಚ್ಚು ನಂಬುತ್ತಾರೆ.

ಊರಿಗೆ ತರುವುದು. ಯೂರೋಪಿಯನ್ ಒಕ್ಕೂಟದ ನಿಯಮದಲ್ಲಿ 50 ವರ್ಷಕ್ಕಿಂತ ಹಳೆಯ, 1,50,000 ಯೂರೋಗಿಂತ ಹೆಚ್ಚು ಬೆಲೆಯ ಚಿತ್ರಕ್ಕೆ ಹೊರಗೆ ಒಯ್ಯಲು ಪರವಾನಗಿ ಬೇಕು. ನಿಮ್ಮದು ಆ ಬೆಲೆಯದ್ದಲ್ಲ ಎಂದು ತೋರಿಸುವ ಲಿಖಿತ ಅಂದಾಜು ಮತ್ತು ಹರಾಜಿನ ರಸೀದಿ ಜೊತೆಗಿರಲಿ. ಭಾರತದಲ್ಲಿ ಕಸ್ಟಮ್ಸ್‌ಗೆ ಘೋಷಿಸಿ, ಆ ಕಾಗದಗಳನ್ನು ಜೋಪಾನವಾಗಿಡಿ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಚಿತ್ರವೂ ಪುರಾತನ ವಸ್ತು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮುಂದೆ ಯೂರೋಪಿನಲ್ಲಿ ಮಾರುವ ಆಸೆ ಬಂದಾಗ ತೊಡಕಾಗಬಹುದು, ಹೊರಗಿಂದ ತಂದದ್ದು ಎಂಬುದಕ್ಕೆ ದಾಖಲೆ ಇಲ್ಲದಿದ್ದರೆ ಇನ್ನೂ ಹೆಚ್ಚು. ಹಾಗಾಗಿ ಮಾರಬೇಕೋ ಬೇಡವೋ ಎಂಬುದನ್ನು ಅಲ್ಲಿರುವಾಗಲೇ ತೀರ್ಮಾನಿಸಿ.

ಹವೆಯ ಮಾತೂ ಇದೆ. ದಾವಣಗೆರೆಯ ಬೇಸಿಗೆ ಒಣ, ಮಳೆಗಾಲ ತೇವ. ಹಲಗೆ ವರ್ಷಕ್ಕೊಮ್ಮೆ ಕುಗ್ಗಿ ಹಿಗ್ಗುತ್ತದೆ. ತರುವುದಾದರೆ ಬಿರುಕು ರಿಪೇರಿಯಾದ ಮೇಲೆ ತನ್ನಿ. ಚೌಕಟ್ಟಿಗೆ ಮುಂದೆ ಗಾಜು, ಹಿಂದೆ ಮುಚ್ಚಿದ ಬೋರ್ಡು ಹಾಕಿಸಿದರೆ ಒಳಗಿನ ಗಾಳಿ ನಿಧಾನಕ್ಕೆ ಬದಲಾಗುತ್ತದೆ, ಮರಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ. ಮನೆಗೆ ಬಂದ ತಕ್ಷಣ ಬಿಚ್ಚಬೇಡಿ, ಒಂದು ದಿನ ಹಾಗೇ ಇಟ್ಟು ಆಮೇಲೆ ತೆಗೆಯಿರಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಿಂಬದಿ ನೋಡಿ. ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಹುಳ ಬಿದ್ದಿದೆ ಎಂದರ್ಥ. ಆಗ ಸೀಮೆಎಣ್ಣೆ ಹಚ್ಚದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಬೇರೆ ಮರದ ಸಾಮಾನಿನಿಂದ ದೂರ ಇಡಿ, ಸಂರಕ್ಷಕರಿಗೆ ಫೋನ್ ಮಾಡಿ. ಇಂಟ್ಯಾಕ್ ಎಂಬ ಪರಂಪರೆ ಸಂರಕ್ಷಣೆಯ ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲೂ ಇದೆ.